ಬೋಳು ಟೈರಿನ ಭ್ರಮೆ: ಟ್ರ್ಯಾಕಿನಲ್ಲಿ ಸವೆದ ರಬ್ಬರು, ಹೆದ್ದಾರಿಯಲ್ಲಿ ಕಾದಿರುವ ಕುತ್ತು

ತುಮಕೂರು: 2024ರ ಆಗಸ್ಟ್‌ನಲ್ಲಿ ಬೆಂಗಳೂರು–ತುಮಕೂರು ರಾಷ್ಟ್ರೀಯ ಹೆದ್ದಾರಿಯ ನೆಲಮಂಗಲ ಬಳಿ ವ್ಹೀಲಿ ಮಾಡುತ್ತಿದ್ದ ಯುವಕರ ಹಾವಳಿಯಿಂದ ರೋಸಿಹೋದ ವಾಹನ ಸವಾರರು ಎರಡು ಸ್ಕೂಟರುಗಳನ್ನು ಮೇಲ್ಸೇತುವೆಯಿಂದ ಕೆಳಕ್ಕೆ ಎಸೆದ ದೃಶ್ಯವನ್ನು ನಾಡು ಮರೆತಿಲ್ಲ. ಆ ವಿಡಿಯೊ ದೇಶದಾದ್ಯಂತ ಹರಿದಾಡಿತು. ಜನರ ಆಕ್ರೋಶ ಸರಿಯೇ ತಪ್ಪೇ ಎಂಬ ಚರ್ಚೆಯೂ ಕೆಲವು ದಿನ ನಡೆಯಿತು. ಆದರೆ ವೇಗದ ಹುಚ್ಚು ಹತ್ತಿದ ಯುವಕರು ಆ ವೇಗವನ್ನು ಎಲ್ಲಿ, ಯಾವ ಚಕ್ರದ ಮೇಲೆ, ಯಾರ ಮಾರ್ಗದರ್ಶನದಲ್ಲಿ ಕಲಿಯಬೇಕು ಎಂಬ ಮೂಲ ಪ್ರಶ್ನೆ ಮಾತ್ರ ಆ ಗದ್ದಲದಲ್ಲಿ ಹಿಂದಕ್ಕೆ ಸರಿಯಿತು.

ಈ ಪ್ರಶ್ನೆಯ ಒಂದು ಎಳೆ ಟೈರಿನದು. ದೊಡ್ಡ ಸಾಮರ್ಥ್ಯದ ಬೈಕುಗಳು ಮಧ್ಯಮ ವರ್ಗದ ಮನೆಯಂಗಳಕ್ಕೂ ಬಂದಿವೆ. ದುಡ್ಡು ಕೊಟ್ಟು ಯಾರು ಬೇಕಾದರೂ ತಮ್ಮ ಬೈಕನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸಬಹುದಾದ ‘ಟ್ರ್ಯಾಕ್ ಡೇ’ಗಳು ಜನಪ್ರಿಯವಾಗಿವೆ. ಅದರ ಬೆನ್ನಿಗೇ ರೇಸ್ ತಂಡಗಳು ಬಳಸಿ ಬಿಚ್ಚಿಟ್ಟ, ಮೈಮೇಲೆ ಗೆರೆಯೇ ಇಲ್ಲದ ‘ಸ್ಲಿಕ್’ ಟೈರುಗಳನ್ನು ಅಗ್ಗದ ದರಕ್ಕೆ ಕೊಂಡು ಹಾಕಿಕೊಳ್ಳುವ ಆಸೆಯೂ ಹುಟ್ಟಿಕೊಳ್ಳುತ್ತದೆ. ಹೊಸ ಟೈರಿನ ಅರ್ಧ ಬೆಲೆಗೂ ಕಡಿಮೆಗೆ ರೇಸಿನ ರಬ್ಬರು ಸಿಗುವುದಾದರೆ ಬೇಡವೆನ್ನುವವರು ಯಾರು? ಆದರೆ ಅಗ್ಗದ ಮಾಲಿನ ನಿಜವಾದ ಬೆಲೆ ತಿಳಿಯುವುದು ತಿರುವಿನಲ್ಲಿ ಬೈಕು ಬಾಗಿದಾಗ.

ತುಮಕೂರು ನಗರ, ಗುಬ್ಬಿ ಮತ್ತು ಕುಣಿಗಲ್ ಈ ಮಾತಿಗೆ ತಕ್ಕ ಭೂಮಿಕೆ. ತುಮಕೂರಿನ ಮಗ್ಗುಲಲ್ಲೇ ಬೆಂಗಳೂರು–ಪುಣೆ ನಡುವಣ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ಗುಬ್ಬಿಯ ಮೇಲೆ ಸಾಗುವುದು ಹಿಂದೆ 206 ಎಂದು ಕರೆಯುತ್ತಿದ್ದ ಇಂದಿನ ಹೆದ್ದಾರಿ 73. ಕುಣಿಗಲ್ಲಿನ ಮೂಲಕ ಹಾಸನ, ಮಂಗಳೂರಿನ ಕಡೆ ಓಡುವುದು ಹೆದ್ದಾರಿ 75. ರಾಜಧಾನಿಯಿಂದ ಗಂಟೆ, ಗಂಟೆಯೂವರೆ ಹಾದಿಯಲ್ಲಿರುವ ಈ ಮೂರೂ ಊರುಗಳ ಯುವಕರಿಗೆ ಕೈಗೆಟಕುವ ದೂರದಲ್ಲಿ ವೇಗದ ರಸ್ತೆಯಿದೆ. ಕೈಗೆಟಕುವ ದೂರದಲ್ಲಿ ಟ್ರ್ಯಾಕ್ ಇಲ್ಲ.

ಸ್ಲಿಕ್ ಎಂದರೆ ಸವೆದ ಟೈರಲ್ಲ

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿಕೊಳ್ಳಬೇಕು. ‘ರೇಸಿನವರೇ ಬೋಳು ಟೈರಿನಲ್ಲಿ ಮುನ್ನೂರು ಕಿಲೋಮೀಟರ್ ವೇಗದಲ್ಲಿ ಓಡಿಸುತ್ತಾರೆ, ನಮ್ಮ ಬೈಕಿನ ಟೈರು ಸ್ವಲ್ಪ ಸವೆದರೆ ಏನಂತೆ?’ ಎಂಬ ವಾದ ಪಂಚರ್ ಅಂಗಡಿಯಿಂದ ಕಾಲೇಜು ಆವರಣದವರೆಗೆ ಎಲ್ಲೆಡೆ ಕೇಳಿಬರುವಂಥದ್ದು. ನೋಡಲು ಎರಡೂ ನುಣುಪೇ ಆದರೂ ಗುಣದಲ್ಲಿ ಅವೆರಡಕ್ಕೂ ಅಜಗಜಾಂತರ.

ಬೈಕಿನ ಟೈರು ನೆಲವನ್ನು ಮುಟ್ಟುವುದು ಅಂಗೈಯಗಲದಷ್ಟು ಜಾಗದಲ್ಲಿ ಮಾತ್ರ. ವೇಗ, ಬ್ರೇಕು, ಬಾಗು ಎಲ್ಲದರ ಭಾರವನ್ನೂ ಹೊರುವುದು ಆ ಅಂಗೈಯಗಲವೇ. ರಸ್ತೆಯ ಟೈರಿನಲ್ಲಿ ಕೊರೆದ ಗೆರೆಗಳು ಮಳೆನೀರನ್ನು ಹೊರಗೆ ಹರಿಸಲು ಇರುವ ಕಾಲುವೆಗಳು. ಒಣ ನೆಲದ ಮೇಲೆ ಆ ಕಾಲುವೆಗಳಿಂದ ಹಿಡಿತಕ್ಕೆ ಲಾಭವಿಲ್ಲ. ಅಷ್ಟು ಜಾಗದ ರಬ್ಬರು ನೆಲಕ್ಕೆ ತಾಗದಿರುವುದರಿಂದ ತುಸು ನಷ್ಟವೇ. ಆದ್ದರಿಂದಲೇ ಒಣ ಟ್ರ್ಯಾಕಿಗೆಂದು ತಯಾರಾಗುವ ಸ್ಲಿಕ್‌ನಲ್ಲಿ ಗೆರೆಗಳನ್ನು ಕೈಬಿಟ್ಟು, ಅತ್ಯಂತ ಮೆದುವಾದ ರಬ್ಬರಿನ ಮಿಶ್ರಣವನ್ನು ಬಳಸುತ್ತಾರೆ. ಬಿಸಿಯಾದಾಗ ಅದು ಅಂಟಿನಂತೆ ಡಾಂಬರಿನ ಸೂಕ್ಷ್ಮ ಉಬ್ಬುತಗ್ಗುಗಳೊಳಗೆ ಇಳಿದು ಹಿಡಿಯುತ್ತದೆ.

ಸವೆದ ರಸ್ತೆ ಟೈರಿನ ಕಥೆಯೇ ಬೇರೆ. ಸಾವಿರಾರು ಕಿಲೋಮೀಟರ್ ಬಾಳಿಕೆಗೆಂದು ಗಡುಸಾಗಿ ಮಾಡಿದ ಆ ರಬ್ಬರು ಬಿಸಿಲು ಗಾಳಿಗೆ ಇನ್ನಷ್ಟು ಗಡುಸಾಗಿರುತ್ತದೆ. ನೇರ ರಸ್ತೆಯಲ್ಲೇ ಹೆಚ್ಚು ಓಡಿದ್ದರಿಂದ ನಡುಭಾಗ ಚಪ್ಪಟೆಯಾಗಿ, ತಿರುವಿನಲ್ಲಿ ಬೈಕು ಸರಾಗವಾಗಿ ಬಾಗುವುದಿಲ್ಲ. ಉಳಿದ ರಬ್ಬರಿನ ಪದರ ತೆಳುವಾಗಿ ಮುಳ್ಳು, ಮೊಳೆಗಳಿಗೆ ಸುಲಭದ ತುತ್ತಾಗುತ್ತದೆ. ಸ್ಲಿಕ್‌ನ ಒಂದು ಗುಣವೂ ಅದರಲ್ಲಿಲ್ಲ, ಸ್ಲಿಕ್‌ನ ದೋಷವೆಲ್ಲ ಅದರಲ್ಲಿದೆ.

ಹಿಡಿತದ ವ್ಯತ್ಯಾಸವೆಂದರೆ ಎಷ್ಟು ಎಂಬುದಕ್ಕೆ ಶಾಲೆಯ ಭೌತಶಾಸ್ತ್ರದ ಲೆಕ್ಕವೇ ಸಾಕು. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ಬೈಕು, ಘರ್ಷಣಾಂಕ 0.8 ಇದ್ದಾಗ ಬ್ರೇಕು ಹಿಡಿದ ಮೇಲೆ ನಿಲ್ಲಲು ಸುಮಾರು 31 ಮೀಟರ್ ಬೇಕು. ಘರ್ಷಣಾಂಕ 0.4ಕ್ಕೆ ಇಳಿದರೆ ಸುಮಾರು 63 ಮೀಟರ್ ಬೇಕು. ನಡುವಿನ ಅಂತರ ಹೆಚ್ಚುಕಡಿಮೆ ಮೂರು ಸಾರಿಗೆ ಬಸ್ಸುಗಳ ಉದ್ದ. ರಸ್ತೆ ದಾಟುತ್ತಿರುವ ಹಸುವಿಗೆ, ಶಾಲೆಯ ಮಗುವಿಗೆ ಆ ಮೂರು ಬಸ್ಸಿನುದ್ದವೇ ಜೀವ.

ಬಿಸಿಯೇ ಪ್ರಾಣ, ಬಿಸಿಯೇ ಮೃತ್ಯು

ಸ್ಲಿಕ್ ಕೆಲಸ ಮಾಡುವುದು ಬಿಸಿಯಾದಾಗ ಮಾತ್ರ. ರೇಸ್ ತಂಡಗಳು ಬೈಕು ಟ್ರ್ಯಾಕಿಗಿಳಿಯುವ ಮುನ್ನ ಚಕ್ರಗಳಿಗೆ ವಿದ್ಯುತ್ ಕಂಬಳಿ ಹೊದಿಸಿ ಟೈರನ್ನು 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ತರುತ್ತವೆ. ಆ ಶಾಖವನ್ನು ಉಳಿಸಿಕೊಳ್ಳಲು ಸವಾರ ಸುತ್ತಿನ ಮೇಲೆ ಸುತ್ತು ಬಲವಾಗಿ ಬ್ರೇಕು ಹಿಡಿಯುತ್ತ, ಆಳವಾಗಿ ಬಾಗುತ್ತ ಓಡಿಸಬೇಕು. ನಿಧಾನವಾದರೆ ಟೈರು ತಣಿಯುತ್ತದೆ. ತಣಿದರೆ ಹಿಡಿತ ಸಡಿಲುತ್ತದೆ. ಟ್ರ್ಯಾಕಿಗೆ ಹೊಸಬನಾದ, ಎಚ್ಚರಿಕೆಯಿಂದ ಮೆಲ್ಲಗೆ ಓಡಿಸುವ ಸವಾರನಿಗೆ ಸ್ಲಿಕ್ ಹೆಚ್ಚು ಸುರಕ್ಷಿತ ಎಂಬ ನಂಬಿಕೆ ಈ ಕಾರಣದಿಂದಲೇ ಹುಸಿಯಾಗುತ್ತದೆ. ಅವನ ಆ ಎಚ್ಚರಿಕೆಯ ವೇಗ ಟೈರನ್ನು ಕೆಲಸದ ಶಾಖಕ್ಕೆ ಏರಿಸುವುದೇ ಇಲ್ಲ.

ಇನ್ನೊಂದು ಕಡೆ, ಪ್ರತಿ ಬಾರಿ ಕಾದು ತಣಿದಾಗಲೂ ರಬ್ಬರು ತನ್ನ ಗುಣವನ್ನು ಸ್ವಲ್ಪ ಸ್ವಲ್ಪವಾಗಿ ಕಳೆದುಕೊಳ್ಳುತ್ತದೆ. ಮಿಶ್ರಣವನ್ನು ಮೆದುವಾಗಿಟ್ಟಿದ್ದ ಎಣ್ಣೆಯಂಥ ದ್ರವ್ಯಗಳು ಆರಿಹೋಗುತ್ತವೆ, ರಬ್ಬರಿನ ಅಣುಗಳ ನಡುವಣ ಕೊಂಡಿಗಳು ಬಿಗಿಯಾಗುತ್ತವೆ, ಮೇಲ್ಮೈ ಗಡುಸಾಗುತ್ತದೆ. ರೇಸ್ ವಲಯದಲ್ಲಿ ಇದನ್ನು ‘ಹೀಟ್ ಸೈಕಲ್’ ಎಂದು ಲೆಕ್ಕವಿಡುತ್ತಾರೆ. ಟೈರಿನ ಆಯುಸ್ಸನ್ನು ಅಳೆಯುವುದು ಕಿಲೋಮೀಟರಿನಿಂದ ಅಲ್ಲ, ಅದು ಎಷ್ಟು ಬಾರಿ ಕಾದು ತಣಿದಿದೆ ಎಂಬುದರಿಂದ. ಕಣ್ಣಿಗೆ ಅರ್ಧಕ್ಕಿಂತ ಹೆಚ್ಚು ರಬ್ಬರು ಉಳಿದಂತೆ ಕಾಣುವ ಟೈರು ಒಳಗಿನಿಂದ ಸತ್ತಿರಬಹುದು.

ಸತ್ತ ಟೈರಿನ ದೊಡ್ಡ ಕೇಡೆಂದರೆ ಅದು ಮುನ್ಸೂಚನೆ ಕೊಡುವುದಿಲ್ಲ. ಒಳ್ಳೆಯ ರಸ್ತೆ ಟೈರು ಜಾರುವ ಮೊದಲು ತುಸು ಅಲುಗಾಡಿ ಸವಾರನಿಗೆ ತಿಳಿಸುತ್ತದೆ. ಗಡುಸಾದ ಸ್ಲಿಕ್ ಹಿಡಿತವನ್ನು ಫಕ್ಕನೆ ಬಿಡುತ್ತದೆ. ಮುಂದಿನ ಚಕ್ರ ಜಾರಿದರೆ ಬೈಕು ಮಗ್ಗುಲಾಗಿ ಸವಾರ ನೆಲದ ಮೇಲೆ ಜಾರಿ ಹೋಗುತ್ತಾನೆ. ಹಿಂದಿನ ಚಕ್ರ ಜಾರಿ, ಮರುಕ್ಷಣವೇ ಹಿಡಿತ ಮರಳಿದರೆ ಬೈಕು ಎದುರು ದಿಕ್ಕಿಗೆ ಒದ್ದು ಸವಾರನನ್ನು ಆಳೆತ್ತರಕ್ಕೆ ಎಸೆಯುತ್ತದೆ. ಮೂಳೆ ಮುರಿಯುವ ಅಪಘಾತಗಳಲ್ಲಿ ಈ ಎರಡನೆಯ ಬಗೆ ಕುಖ್ಯಾತ.

ಟ್ರ್ಯಾಕಿನ ದಿಕ್ಕೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬಹುತೇಕ ರೇಸ್ ಟ್ರ್ಯಾಕುಗಳಲ್ಲಿ ಓಟ ಪ್ರದಕ್ಷಿಣೆಯ ದಿಕ್ಕಿನಲ್ಲಿ ಸಾಗುವುದರಿಂದ ಬಲ ತಿರುವುಗಳೇ ಹೆಚ್ಚು. ಹೀಗಾಗಿ ಟೈರಿನ ಬಲಭಾಗ ಬೇಗ ಸವೆದು, ಎಡಭಾಗ ಹೊಸದರಂತೆ ಕಾಣುತ್ತದೆ. ಮಾರುವವನು ತೋರಿಸುವುದು ಸಹಜವಾಗಿಯೇ ಎಡಭಾಗವನ್ನು. ಕೊಳ್ಳುವವನು ಟೈರನ್ನು ಒಂದು ಸುತ್ತು ತಿರುಗಿಸಿ ನೋಡದಿದ್ದರೆ ಅರ್ಧ ಟೈರಿಗೆ ಪೂರ್ತಿ ದುಡ್ಡು ಕೊಟ್ಟಂತೆ.

ಉನ್ನತ ಮಟ್ಟದ ರೇಸುಗಳಲ್ಲಿ ಇಂಥ ಟೈರು ಹೊರಗಿನವರ ಕೈಗೆ ಸಿಗದಂತೆ ವ್ಯವಸ್ಥೆಯೇ ಇದೆ. 2016ರಿಂದ ಮೋಟೋಜಿಪಿಗೆ ಏಕೈಕ ಟೈರು ಪೂರೈಕೆದಾರನಾದ ಮಿಷೆಲಿನ್ ಸಂಸ್ಥೆ ತಂಡಗಳಿಗೆ ಟೈರು ಕೊಟ್ಟು, ರೇಸ್ ಮುಗಿದ ಮೇಲೆ ಅವನ್ನು ಹಿಂದಕ್ಕೆ ಪಡೆಯುತ್ತದೆ. ಕೈಬದಲಾಗುವ ಹಳೆಯ ಸ್ಲಿಕ್‌ಗಳು ಬರುವುದು ಅದಕ್ಕಿಂತ ಕೆಳಹಂತದ ರೇಸುಗಳಿಂದ, ಖಾಸಗಿ ತಂಡಗಳಿಂದ ಮತ್ತು ಸಿರಿವಂತ ಹವ್ಯಾಸಿಗಳಿಂದ. ಅಲ್ಲಿ ಟೈರಿನ ಚರಿತ್ರೆ ಬರೆದಿಡುವ ಪದ್ಧತಿ ಇದ್ದರೂ, ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಟೈರು ಹೋದಂತೆ ಆ ಚರಿತ್ರೆ ಮಾತ್ರ ಅಲ್ಲೇ ಉಳಿಯುತ್ತದೆ.

ಅಗ್ಗದ ಲೆಕ್ಕಾಚಾರ

ಹಾಗಿದ್ದರೂ ಯುವಕರು ಹಳೆಯ ಸ್ಲಿಕ್‌ಗೆ ಮನಸೋಲುವುದಕ್ಕೆ ಕಾರಣಗಳಿಲ್ಲದಿಲ್ಲ. ದೊಡ್ಡ ಬೈಕುಗಳಿಗೆ ಹೊಂದುವ ವಿದೇಶಿ ರೇಸ್ ಟೈರಿನ ಜೋಡಿಗೆ ಹತ್ತಾರು ಸಾವಿರ ರೂಪಾಯಿ ತೆರಬೇಕು. 2020ರ ಜೂನ್ 12ರಂದು ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು ಹೊಸ ಟೈರುಗಳ ಆಮದನ್ನು ‘ಮುಕ್ತ’ ಪಟ್ಟಿಯಿಂದ ‘ನಿರ್ಬಂಧಿತ’ ಪಟ್ಟಿಗೆ ಸೇರಿಸಿತು. ದೇಶೀಯ ಉದ್ಯಮದ ರಕ್ಷಣೆಯ ದೃಷ್ಟಿಯಿಂದ ಕೈಗೊಂಡ ಈ ಕ್ರಮ, ಇಲ್ಲಿ ತಯಾರಾಗದ ಅಳತೆಯ ಟೈರುಗಳನ್ನು ನೆಚ್ಚಿಕೊಂಡಿದ್ದ ದೊಡ್ಡ ಬೈಕಿನ ಸವಾರರಿಗೆ ಬಿಸಿ ತಟ್ಟಿಸಿತು. ಹೊಸದು ದುರ್ಲಭವಾದಾಗ ಹಳೆಯದಕ್ಕೆ ಬೆಲೆ ಬರುವುದು ಮಾರುಕಟ್ಟೆಯ ನಿಯಮ.

ಅದಕ್ಕೆ ಎದುರಾದ ಬೆಳವಣಿಗೆಯೂ ಇದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ಪರಿಷ್ಕರಣೆಯಲ್ಲಿ ಹೊಸ ಟೈರುಗಳ ಮೇಲಿನ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಮೂಲಬೆಲೆ 10 ಸಾವಿರ ರೂಪಾಯಿ ಇರುವ ಟೈರಿಗೆ ಹಿಂದೆ 12,800 ರೂಪಾಯಿ ತೆರಬೇಕಿದ್ದರೆ ಈ ಇಳಿಕೆಯ ಬಳಿಕ 11,800 ರೂಪಾಯಿ. ಸಾವಿರ ರೂಪಾಯಿಯ ಉಳಿತಾಯ ದೊಡ್ಡದೇನಲ್ಲದಿದ್ದರೂ ಹಳೆಯ ಟೈರಿನ ಆಕರ್ಷಣೆಯನ್ನು ಅಷ್ಟರಮಟ್ಟಿಗೆ ಕುಗ್ಗಿಸಬೇಕು.

ಬೆಲೆಯನ್ನು ಟೈರಿನ ಲೆಕ್ಕದಲ್ಲಿ ನೋಡದೆ ಓಟದ ಲೆಕ್ಕದಲ್ಲಿ ನೋಡಿದರೆ ಚಿತ್ರ ಬದಲಾಗುತ್ತದೆ. ಉದಾಹರಣೆಗೆ, ರಸ್ತೆಗೂ ಟ್ರ್ಯಾಕಿಗೂ ಸಲ್ಲುವ ಹೊಸ ಸ್ಪೋರ್ಟ್ ಟೈರಿನ ಜೋಡಿಗೆ 20 ಸಾವಿರ ರೂಪಾಯಿ ಎಂದೂ ಅದು ಆರು ಟ್ರ್ಯಾಕ್ ದಿನಗಳಿಗೆ ಬಾಳುತ್ತದೆ ಎಂದೂ ಇಟ್ಟುಕೊಳ್ಳೋಣ. ದಿನವೊಂದಕ್ಕೆ ಬೀಳುವುದು 3,333 ರೂಪಾಯಿ. ಬಳಸಿದ ಸ್ಲಿಕ್ ಜೋಡಿ 8 ಸಾವಿರಕ್ಕೆ ಸಿಕ್ಕಿ ಎರಡು ದಿನ ಬಾಳಿದರೆ ದಿನಕ್ಕೆ 4 ಸಾವಿರ. ಇದಕ್ಕೆ ವಿದ್ಯುತ್ ಕಂಬಳಿ, ಅದಕ್ಕೆ ಬೇಕಾದ ಜನರೇಟರು, ಟ್ರ್ಯಾಕಿನವರೆಗೆ ಬೈಕು ಸಾಗಿಸುವ ಗಾಡಿಯ ಬಾಡಿಗೆ ಎಲ್ಲವೂ ಸೇರುತ್ತವೆ. ಸ್ಲಿಕ್ ಹಾಕಿದ ಬೈಕನ್ನು ರಸ್ತೆಯಲ್ಲಿ ಓಡಿಸಿಕೊಂಡು ಹೋಗುವಂತಿಲ್ಲವಷ್ಟೇ. ಒಂದು ಸಲ ಬಿದ್ದರೆ ಲಿವರು, ಹ್ಯಾಂಡಲ್, ಫೇರಿಂಗ್‌ಗಳ ಖರ್ಚೇ ಹೊಸ ಟೈರಿನ ಬೆಲೆಯನ್ನು ಮೀರುತ್ತದೆ. ಆಸ್ಪತ್ರೆಯ ಬಿಲ್ಲಿನ ಮಾತು ಬೇರೆಯೇ.

ಅಳತೆಯ ತೊಡಕೂ ಇದೆ. 200/60 ಅಳತೆಯ 17 ಇಂಚಿನ ಸೂಪರ್‌ಬೈಕ್ ಸ್ಲಿಕ್ ಸುಮಾರು 6 ಇಂಚು ಅಗಲದ ರಿಮ್ಮಿಗೆಂದು ರೂಪಿತವಾದದ್ದು. ನಮ್ಮ ಯುವಕರ ಬಹುಪಾಲು ಬೈಕುಗಳ ಹಿಂದಿನ ರಿಮ್ಮು ಅಷ್ಟು ಅಗಲವಿಲ್ಲ. ಕಿರಿದಾದ ರಿಮ್ಮಿಗೆ ಅಗಲ ಟೈರನ್ನು ತುರುಕಿದರೆ ಅದರ ಬೆನ್ನು ಗೂನಾಗಿ, ನೆಲ ಮುಟ್ಟುವ ಜಾಗ ಹೆಚ್ಚುವ ಬದಲು ಕಡಿಮೆಯಾಗುತ್ತದೆ. ಅಗಲ ಟೈರು ನೋಡಲು ಗತ್ತು, ಓಡಿಸಲು ಆಪತ್ತು.

ಕಾನೂನು ಏನೆನ್ನುತ್ತದೆ

ಟ್ರ್ಯಾಕಿನ ಒಳಗೆ ಯಾವ ಟೈರು ಎಂಬುದು ಆಯೋಜಕರ ಮತ್ತು ಸವಾರನ ವಿವೇಚನೆಗೆ ಬಿಟ್ಟದ್ದು. ರಸ್ತೆಯ ಮೇಲೆ ಹಾಗಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮವು ದ್ವಿಚಕ್ರ ಹಾಗೂ ತ್ರಿಚಕ್ರ ವಾಹನಗಳ ಟೈರಿನ ಗೆರೆಯ ಆಳ 0.8 ಮಿಲಿಮೀಟರಿಗಿಂತ, ಇತರ ವಾಹನಗಳಲ್ಲಿ 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದೆಂದು ವಿಧಿಸುತ್ತದೆ. ಗೆರೆಯೇ ಇಲ್ಲದ ಸ್ಲಿಕ್ ಹೊಚ್ಚಹೊಸದಾಗಿದ್ದರೂ ಈ ಪರೀಕ್ಷೆಯಲ್ಲಿ ಅನುತ್ತೀರ್ಣ.

ಸಾರ್ವಜನಿಕ ರಸ್ತೆಯಲ್ಲಿ ಅನುಮತಿಯಿಲ್ಲದೆ ರೇಸ್ ನಡೆಸುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅಪರಾಧ. 2019ರ ತಿದ್ದುಪಡಿಯ ಪ್ರಕಾರ ಮೊದಲ ಸಲ ಮೂರು ತಿಂಗಳವರೆಗೆ ಸೆರೆವಾಸ ಅಥವಾ 5 ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮರುಕಳಿಸಿದರೆ ಒಂದು ವರ್ಷದವರೆಗೆ ಸೆರೆ, 10 ಸಾವಿರದವರೆಗೆ ದಂಡ. ಸವಾರ ಅಪ್ರಾಪ್ತನಾಗಿದ್ದರೆ 199ಎ ಕಲಮು ಪೋಷಕರನ್ನು ಅಥವಾ ವಾಹನದ ಮಾಲೀಕರನ್ನೇ ಹೊಣೆಯಾಗಿಸಿ ಮೂರು ವರ್ಷದವರೆಗೆ ಸೆರೆ, 25 ಸಾವಿರ ರೂಪಾಯಿ ದಂಡಕ್ಕೆ ಅವಕಾಶ ನೀಡುತ್ತದೆ. ವಾಹನದ ನೋಂದಣಿಯೂ 12 ತಿಂಗಳ ಕಾಲ ರದ್ದಾಗುತ್ತದೆ. ಮಗನ ಹಟಕ್ಕೆ ಮಣಿದು ಬೈಕಿನ ಕೀಲಿ ಕೊಡುವ ತಂದೆತಾಯಿ ಈ ಕಲಮನ್ನು ಒಮ್ಮೆ ಓದಿಕೊಳ್ಳುವುದು ಲೇಸು.

ವಿಮೆಯ ವಿಷಯವಂತೂ ಹೆಚ್ಚಿನವರ ಗಮನಕ್ಕೇ ಬಂದಿಲ್ಲ. ದೇಶದಲ್ಲಿ ಚಾಲ್ತಿಯಲ್ಲಿರುವ ಸಾಮಾನ್ಯ ದ್ವಿಚಕ್ರ ವಾಹನ ವಿಮೆಯ ಷರತ್ತುಗಳು ಸಂಘಟಿತ ರೇಸ್ ಮತ್ತು ವೇಗ ಪರೀಕ್ಷೆಯಂಥ ಬಳಕೆಯನ್ನು ಹೊರಗಿಟ್ಟಿವೆ. ಟ್ರ್ಯಾಕಿನಲ್ಲಿ ಬೈಕು ನುಜ್ಜುಗುಜ್ಜಾದರೆ ಪರಿಹಾರ ಕೇಳಲು ಸವಾರನಿಗೆ ದಾರಿ ಕಷ್ಟ.

ಹಳೆಯ ಟೈರಿನ ಆಮದಿನ ಬಗ್ಗೆಯೂ ಸ್ಪಷ್ಟ ನಿಲುವಿದೆ. ಬಳಸಿದ ಟೈರುಗಳನ್ನು ಹಾಗೆಯೇ ಮತ್ತೆ ಬಳಸಲು ವಿದೇಶದಿಂದ ತರುವುದನ್ನು 2016ರ ಅಪಾಯಕಾರಿ ಮತ್ತು ಇತರೆ ತ್ಯಾಜ್ಯಗಳ ನಿಯಮಗಳು ನಿಷೇಧಿತ ಪಟ್ಟಿಯಲ್ಲಿ ಇರಿಸಿವೆ. 2022ರ ಜುಲೈನಲ್ಲಿ ಇದೇ ನಿಯಮಗಳಿಗೆ ತಿದ್ದುಪಡಿ ತಂದು, ಬಳಸಿ ಬಿಸಾಡಿದ ಟೈರುಗಳ ವಿಲೇವಾರಿಯ ಹೊಣೆಯನ್ನು ತಯಾರಕರ ಮತ್ತು ಆಮದುದಾರರ ಮೇಲೆ ಹೊರಿಸಲಾಯಿತು. ಆದರೆ ಒಂದು ರೇಸ್ ಟೈರು ದೇಶದೊಳಗೇ ಒಬ್ಬರಿಂದ ಮತ್ತೊಬ್ಬರಿಗೆ ಕೈಬದಲಾಗುವುದನ್ನು ಕಾಯುವವರು ಯಾರೂ ಇಲ್ಲ.

ಇಲ್ಲಿನ ರಸ್ತೆ, ಇಲ್ಲಿನ ನೆಲ

ಟ್ರ್ಯಾಕಿನ ಡಾಂಬರು ಗುಡಿಸಿದ ಅಂಗಳದಂತೆ. ಎದುರಿನಿಂದ ವಾಹನ ಬರುವುದಿಲ್ಲ, ಅಂಚಿನಲ್ಲಿ ಮರವಿರುವುದಿಲ್ಲ, ಬಿದ್ದವನು ಜಾರಿ ನಿಲ್ಲಲು ಬಯಲಿರುತ್ತದೆ, ಬಾವುಟ ಹಿಡಿದ ಸಿಬ್ಬಂದಿಯೂ ಆಂಬುಲೆನ್ಸೂ ಕಾದಿರುತ್ತವೆ. ಮಳೆ ಹನಿದರೆ ಮೋಟೋಜಿಪಿ ಸವಾರರೇ ಒಳಕ್ಕೆ ಬಂದು ಮಳೆ ಟೈರು ಹಾಕಿದ ಮತ್ತೊಂದು ಬೈಕನ್ನೇರುತ್ತಾರೆ.

ಗುಬ್ಬಿ, ಕುಣಿಗಲ್ ಸುತ್ತಲಿನ ರಸ್ತೆಗೆ ಈ ಯಾವ ಭಾಗ್ಯವೂ ಇಲ್ಲ. ಸುಗ್ಗಿ ಬಂತೆಂದರೆ ರಾಗಿ, ಹುರುಳಿ ಹುಲ್ಲನ್ನು ರಸ್ತೆಯ ಮೇಲೆ ಹರಡಿ ಓಡುವ ವಾಹನಗಳಿಂದಲೇ ಒಕ್ಕಣೆ ಮಾಡಿಸುವ ರೂಢಿ ಈ ಸೀಮೆಯಲ್ಲಿ ಹಳೆಯದು. ಒಣಹುಲ್ಲಿನ ಮೇಲೆ ಒಳ್ಳೆಯ ಟೈರೇ ಜಾರುತ್ತದೆ. ಬೋಳು ಟೈರಿನ ಗತಿ ಹೇಳುವುದೇ ಬೇಡ. ತೆಂಗಿನ ತೋಟಗಳಿಂದ ಬರುವ ಟ್ರ್ಯಾಕ್ಟರ್ ಉದುರಿಸಿದ ಮಣ್ಣು, ತಿರುವಿನಲ್ಲಿ ಗುಡ್ಡೆಗಟ್ಟಿದ ಮರಳು, ಲಾರಿಯಿಂದ ಸೋರಿದ ಡೀಸೆಲ್, ಮಳೆಗಾಲದ ನಂತರ ಬಾಯ್ದೆರೆದ ಗುಂಡಿಗಳು ಇವೆಲ್ಲವೂ ಸ್ಲಿಕ್‌ಗೆ ಶತ್ರುಗಳೇ. ಮಳೆನೀರನ್ನು ಹರಿಸುವ ಕಾಲುವೆಯಿಲ್ಲದ ಟೈರು ನೀರಿನ ಪದರದ ಮೇಲೆ ತೇಲತೊಡಗಿದರೆ ಬ್ರೇಕು, ಹ್ಯಾಂಡಲ್ ಎರಡೂ ಸವಾರನ ಕೈಬಿಡುತ್ತವೆ.

ಕುಣಿಗಲ್ಲಿನ ಜನರಿಗೆ ಇದನ್ನು ವಿವರಿಸಲು ದೂರ ಹೋಗಬೇಕಿಲ್ಲ. ಟಿಪ್ಪುವಿನ ಕಾಲದಿಂದ ಅಶ್ವಪಾಲನೆಗೆ ಹೆಸರಾದ ಊರದು. ಓಟದ ಕುದುರೆಯ ಗೊರಸಿಗೆ ರೇಸಿನ ದಿನ ಹೊಡೆಯುವುದು ಹಗುರವಾದ ಅಲ್ಯೂಮಿನಿಯಂ ಲಾಳ. ಟಾಂಗಾ ಎಳೆಯುವ ಕುದುರೆಗೆ ಬೇಕಾದದ್ದು ಗಟ್ಟಿ ಕಬ್ಬಿಣದ ಲಾಳ. ಓಟದ ಲಾಳ ಹಗುರವೆಂದು ಟಾಂಗಾ ಕುದುರೆಗೆ ಯಾರೂ ಹೊಡೆಸುವುದಿಲ್ಲ. ಕುದುರೆ ಬಲ್ಲವರಿಗೆ ಆ ವಿವೇಕ ಸಹಜ. ಯಂತ್ರದ ಕುದುರೆಯ ವಿಷಯದಲ್ಲಿ ಮಾತ್ರ ಅದು ಮರೆತುಹೋಗುತ್ತದೆ.

ಅಂಕಿಅಂಶಗಳು ಈ ಮರೆವಿಗೆ ತೆರುವ ಬೆಲೆಯನ್ನು ಹೇಳುತ್ತವೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಮೃತಪಟ್ಟರು. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಅಂದರೆ ನೂರಕ್ಕೆ ನಲವತ್ತನಾಲ್ಕಕ್ಕೂ ಹೆಚ್ಚು. ಇವೆಲ್ಲವೂ ಟೈರಿನಿಂದಾದ ಸಾವುಗಳಲ್ಲ. ಆದರೆ ಎರಡೇ ಚಕ್ರದ ವಾಹನದಲ್ಲಿ ಒಂದು ಚಕ್ರ ಕೈಕೊಟ್ಟರೂ ಉಳಿಗಾಲವಿಲ್ಲ ಎಂಬ ಸತ್ಯಕ್ಕೆ ಅವು ಸಾಕ್ಷಿ.

ಹಳೆಯದು ಎಂಬುದೇ ಅಪರಾಧವಲ್ಲ

ಹಾಗೆಂದು ಬಳಸಿದ ಟೈರೆಲ್ಲ ಗುಜರಿಗೇ ಯೋಗ್ಯ ಎನ್ನುವುದೂ ಸರಿಯಲ್ಲ. ಬಸ್ಸು, ಲಾರಿಗಳ ಟೈರನ್ನು ರೀಸೋಲ್ ಮಾಡಿಸಿ ಮತ್ತೆ ಬಳಸುವುದು ದಶಕಗಳಿಂದ ನಡೆದುಬಂದಿದೆ. ವಿಮಾನದ ಟೈರುಗಳಿಗೂ ಹಲವು ಬಾರಿ ಹೊಸ ಮೇಲ್ಪದರ ಹಾಕಿ ಬಳಸುತ್ತಾರೆ. 2023ರ ಫೆಬ್ರುವರಿ 6ರಂದು ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಗೊಂಡ ಬಳಿಕ ವೈಮಾನಿಕ ಶಿಸ್ತು ಈ ಭಾಗಕ್ಕೂ ಅಪರಿಚಿತವೇನಲ್ಲ. ಆ ಕ್ಷೇತ್ರದಲ್ಲಿ ಪ್ರತಿ ಬಿಡಿಭಾಗಕ್ಕೂ ದಾಖಲೆಯುಂಟು: ಎಂದು ತಯಾರಾಯಿತು, ಎಷ್ಟು ದುಡಿಯಿತು, ಯಾರು ಪರೀಕ್ಷಿಸಿದರು, ಎಂದು ಕಳಚಬೇಕು. ಅಲ್ಲಿ ಹಳೆಯದನ್ನು ನಂಬುವುದು ಅದರ ಚರಿತ್ರೆ ತಿಳಿದಿರುವುದರಿಂದ. ಹಳೆಯ ಸ್ಲಿಕ್‌ನಲ್ಲಿ ಇಲ್ಲದಿರುವುದು ಈ ಚರಿತ್ರೆಯೇ.

ಚರಿತ್ರೆ ಗೊತ್ತಿದ್ದರೆ ಬಳಸಿದ ಸ್ಲಿಕ್‌ಗೂ ಜಾಗವಿದೆ. ಒಂದೇ ರೇಸಿನಲ್ಲಿ ಓಡಿ, ಬಿಚ್ಚಿ, ತಂಪಾದ ಕತ್ತಲೆ ಕೋಣೆಯಲ್ಲಿ ಇರಿಸಿದ ಟೈರು, ಅನುಭವಿ ಸವಾರನ ಅಭ್ಯಾಸಕ್ಕೆ ಒದಗುತ್ತದೆ. ಆದರೆ ಕೊಳ್ಳುವ ಮುನ್ನ ನೋಡಬೇಕಾದ ಸಂಗತಿಗಳಿವೆ. ಪಕ್ಕೆಯ ಮೇಲಿನ ನಾಲ್ಕಂಕಿಯ ಸಂಖ್ಯೆ ಟೈರಿನ ಜನ್ಮಕುಂಡಲಿ. ಮೊದಲೆರಡು ಅಂಕಿ ವಾರ, ಕೊನೆಯೆರಡು ವರ್ಷ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಸ್ಲಿಕ್‌ನ ಮೈಮೇಲೆ ಸವೆತ ಅಳೆಯಲೆಂದು ಬಿಟ್ಟ ಸಣ್ಣ ಕುಳಿಗಳಿರುತ್ತವೆ. ಎರಡೂ ಪಕ್ಕದ ಕುಳಿಗಳ ಆಳವನ್ನು ಹೋಲಿಸಬೇಕು. ಉಗುರು ಊರಿದರೆ ಗುರುತು ಮೂಡದಷ್ಟು ಗಡುಸಾಗಿದ್ದರೆ, ಮೇಲ್ಮೈ ನೀಲಿ ಛಾಯೆಗೆ ತಿರುಗಿದ್ದರೆ, ಪಕ್ಕೆಯಲ್ಲಿ ಕೂದಲೆಳೆಯ ಬಿರುಕುಗಳಿದ್ದರೆ ಅನುಮಾನಿಸಬೇಕು. ಉಗುರಿನ ಪರೀಕ್ಷೆಗಿಂತ ರಬ್ಬರಿನ ಗಡಸುತನ ಅಳೆಯುವ ಮೀಟರು ಹೆಚ್ಚು ನಂಬಿಕಸ್ತ. ಪಂಚರ್ ಹಾಕಿದ ಸ್ಲಿಕ್ ಎಷ್ಟೇ ಅಗ್ಗವಾದರೂ ಬೇಡ.

ರಸ್ತೆ ಟೈರಿನ ವಿಷಯದಲ್ಲಿ ಪರೀಕ್ಷೆ ಇನ್ನೂ ಸರಳ. ಗೆರೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ದಿಣ್ಣೆಗಳಿರುತ್ತವೆ. ಟೈರು ಆ ದಿಣ್ಣೆಯ ಮಟ್ಟಕ್ಕೆ ಸವೆದಿದ್ದರೆ ಅದರ ಕಾಲ ಮುಗಿಯಿತೆಂದೇ ಅರ್ಥ. ಟ್ರ್ಯಾಕಿಗೆ ಹೊಸಬರಾದವರಿಗೆ ಬೇಗ ಬಿಸಿಯೇರುವ, ಜಾರುವ ಮುನ್ನ ಸುಳಿವು ಕೊಡುವ, ಒಳ್ಳೆಯ ಸ್ಥಿತಿಯಲ್ಲಿರುವ ರಸ್ತೆ ಟೈರೇ ಮೊದಲ ಗುರು. ಟೈರಿನ ಮಿತಿಯನ್ನು ತಲುಪುವಷ್ಟು ಪಳಗಿದ ಮೇಲೆ ಸ್ಲಿಕ್‌ನ ಮಾತು.

ಬರ ಇರುವುದು ಟ್ರ್ಯಾಕಿಗೆ

ಕರ್ನಾಟಕಕ್ಕೆ ಸವಾರರ ಬರವಿಲ್ಲ. 2015ರಲ್ಲಿ ಡಕಾರ್ ರ‍್ಯಾಲಿಯಲ್ಲಿ ಪಾಲ್ಗೊಂಡ ಮೊದಲ ಭಾರತೀಯ ಬೈಕ್ ಸವಾರ ಬೆಂಗಳೂರಿನ ಸಿ.ಎಸ್. ಸಂತೋಷ್. ಅದೇ ಡಕಾರ್‌ನಲ್ಲಿ ಕರಾವಳಿಯ ಕೆ.ಪಿ. ಅರವಿಂದ್ ಹೆಸರು ಮಾಡಿದರು. 2019ರಲ್ಲಿ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಅಂತರರಾಷ್ಟ್ರೀಯ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗದಲ್ಲಿ ಪ್ರಶಸ್ತಿ ಗೆದ್ದರು. ಡ್ರ್ಯಾಗ್ ರೇಸ್‌ನಲ್ಲಿ ಹೇಮಂತ್ ಮುದ್ದಪ್ಪ ಹಲವು ಬಾರಿ ರಾಷ್ಟ್ರೀಯ ಚಾಂಪಿಯನ್. ಇಷ್ಟಾದರೂ ಬೈಕ್ ರೇಸಿಗೆ ತಕ್ಕ ಪೂರ್ಣಪ್ರಮಾಣದ ಶಾಶ್ವತ ಡಾಂಬರು ಟ್ರ್ಯಾಕ್ ರಾಜ್ಯದಲ್ಲಿಲ್ಲದಿರುವುದು ವಿಪರ್ಯಾಸ.

ತುಮಕೂರಿನ ಸವಾರ ಟ್ರ್ಯಾಕ್ ಕಾಣಬೇಕಾದರೆ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಚೆನ್ನೈ ಬಳಿಯ ಇರುಂಗಾಟ್ಟುಕೋಟೈನಲ್ಲಿ 1990ರಲ್ಲಿ ತೆರೆದ, 3.7 ಕಿ.ಮೀ. ಉದ್ದದ ಟ್ರ್ಯಾಕಿಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಮುನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದೂರ ಬೈಕನ್ನು ಹೊತ್ತೊಯ್ಯಬೇಕು. ಟ್ರ್ಯಾಕ್ ಶುಲ್ಕ, ಸಾಗಾಟ, ವಸತಿ, ಚರ್ಮದ ಪೋಷಾಕು ಎಲ್ಲದಕ್ಕೂ ಖರ್ಚು ಮಾಡಿದ ಮೇಲೆ ಉಳಿತಾಯಕ್ಕೆ ಅವನ ಕಣ್ಣು ಬೀಳುವುದು ಟೈರಿನ ಮೇಲೆಯೇ. ಯಾವುದರಲ್ಲಿ ಉಳಿಸಬಾರದೋ ಅದರಲ್ಲೇ ಉಳಿಸುವಂತೆ ದೂರವೇ ಅವನನ್ನು ತಳ್ಳುತ್ತದೆ. ಅಷ್ಟೂ ಶಕ್ತಿಯಿಲ್ಲದವನು ಮುಂಜಾನೆಯ ಹೆದ್ದಾರಿಯನ್ನೇ ಟ್ರ್ಯಾಕ್ ಮಾಡಿಕೊಳ್ಳುತ್ತಾನೆ.

ಟ್ರ್ಯಾಕ್ ಇದ್ದರೆ ಎಲ್ಲವೂ ಸರಿಹೋಗುತ್ತದೆ ಎಂಬ ಭ್ರಮೆಯೂ ಬೇಡ. 2023ರ ಆಗಸ್ಟ್ 5ರಂದು ಇದೇ ಚೆನ್ನೈ ಟ್ರ್ಯಾಕಿನಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ಓಟದ ವೇಳೆ ಬೆಂಗಳೂರಿನ 13 ವರ್ಷದ ಬಾಲ ಸವಾರನೊಬ್ಬ ಬಿದ್ದು ಅಸುನೀಗಿದ. ಸಿಬ್ಬಂದಿ, ಆಂಬುಲೆನ್ಸ್, ನಿಯಮ ಎಲ್ಲವೂ ಇದ್ದ ಜಾಗದಲ್ಲೇ ವೇಗ ಇಷ್ಟು ನಿಷ್ಕರುಣಿಯಾಗಬಲ್ಲದು ಎಂದಾದರೆ, ಇವೊಂದೂ ಇಲ್ಲದ ರಸ್ತೆಯಲ್ಲಿ ಅದರ ಮುಖ ಹೇಗಿರಬಹುದು ಎಂಬುದನ್ನು ಊಹಿಸಬಹುದು.

ಮಾಡಬಹುದಾದ ಕೆಲಸಗಳು ತೀರಾ ದುಬಾರಿಯವಲ್ಲ. ರೇಸ್ ಸಂಘಟನೆಗಳು ಬಿಚ್ಚಿದ ಟೈರುಗಳ ಲೆಕ್ಕವಿಟ್ಟು, ಮಾರುವಾಗ ಅದು ಎಷ್ಟು ಬಾರಿ ಕಾದಿದೆ ಎಂಬ ಚೀಟಿ ಕೊಡುವ ಪದ್ಧತಿಯನ್ನು ಕಡ್ಡಾಯಗೊಳಿಸಬಹುದು. ಬಳಕೆಗೆ ಬಾರದ್ದನ್ನು ಪಕ್ಕೆ ಕತ್ತರಿಸಿಯೇ ಗುಜರಿಗೆ ಹಾಕಬಹುದು. ಟ್ರ್ಯಾಕ್ ಡೇ ಆಯೋಜಕರು ಹೆಲ್ಮೆಟ್ ಪರೀಕ್ಷಿಸುವಷ್ಟೇ ಕಟ್ಟುನಿಟ್ಟಾಗಿ ಟೈರಿನ ವಯಸ್ಸನ್ನೂ ಪರೀಕ್ಷಿಸಬಹುದು. ಸಂಚಾರ ಪೊಲೀಸರು ಹೆಲ್ಮೆಟ್, ಸೈಲೆನ್ಸರ್‌ಗಳ ಜೊತೆಗೆ ಟೈರಿನ ಕಡೆಗೂ ಬಗ್ಗಿ ನೋಡಿದರೆ 0.8 ಮಿಲಿಮೀಟರಿನ ನಿಯಮಕ್ಕೆ ಜೀವ ಬರುತ್ತದೆ. ಹೆದ್ದಾರಿಯ ಮೇಲಿನ ಒಕ್ಕಣೆಗೆ ಪರ್ಯಾಯವಾಗಿ ಪಂಚಾಯಿತಿಗಳು ಸಾಮೂಹಿಕ ಕಣಗಳನ್ನು ನಿರ್ಮಿಸಿಕೊಟ್ಟರೆ ರೈತರಿಗೂ ಸವಾರರಿಗೂ ಕ್ಷೇಮ.

2023ರ ಫೆಬ್ರುವರಿಯಲ್ಲೇ ತುಮಕೂರು ಕೈಗಾರಿಕಾ ಟೌನ್‌ಷಿಪ್‌ಗೂ ಶಂಕುಸ್ಥಾಪನೆಯಾಯಿತು. ಸಾವಿರಾರು ಎಕರೆಯ ಇಂಥ ಯೋಜನೆಗಳಲ್ಲಿ ಕಾರ್ಖಾನೆಗೆ, ರಸ್ತೆಗೆ, ವಸತಿಗೆ ಜಾಗ ಗುರುತಿಸುವಾಗ ಸವಾರಿ ತರಬೇತಿಗೆಂದು ಸಣ್ಣದೊಂದು ಸುರಕ್ಷಿತ ಟ್ರ್ಯಾಕಿಗೂ ಜಾಗ ಮೀಸಲಿಡುವುದು ಅಸಾಧ್ಯವೇನಲ್ಲ. ಚಾಲನಾ ಪರವಾನಗಿ ಪರೀಕ್ಷೆ, ಪೊಲೀಸ್ ಮತ್ತು ಆಂಬುಲೆನ್ಸ್ ಚಾಲಕರ ತರಬೇತಿ, ವಾರಾಂತ್ಯದಲ್ಲಿ ಯುವಕರ ಅಭ್ಯಾಸ ಇಷ್ಟಕ್ಕೂ ಒಂದೇ ಟ್ರ್ಯಾಕ್ ಒದಗಬಲ್ಲದು.

ವೇಗದ ಆಸೆ ವಯಸ್ಸಿನ ಸಹಜ ಗುಣ. ದಂಡ, ಲಾಠಿಗಳಿಂದ ಅದನ್ನು ಅಳಿಸಲಾಗದು. ಅದಕ್ಕೆ ತಕ್ಕ ಜಾಗ, ತಕ್ಕ ಗುರು, ತಕ್ಕ ಟೈರು ಒದಗಿಸುವುದಷ್ಟೇ ಸಮಾಜದ ಕೈಯಲ್ಲಿರುವುದು. ಅಲ್ಲಿಯವರೆಗೆ ಬೈಕಿನ ಕೀಲಿ ತಿರುಗಿಸುವ ಮುನ್ನ ಪ್ರತಿಯೊಬ್ಬ ಸವಾರನೂ ಒಮ್ಮೆ ಮಂಡಿಯೂರಿ ತನ್ನ ಟೈರಿನ ಮೇಲೆ ಕೈಯಾಡಿಸಿ ನೋಡುವುದು ಒಳಿತು. ಅವನ ಜೀವ ನಿಂತಿರುವುದು ಅಂಗೈಯಗಲದ ಆ ರಬ್ಬರಿನ ಮೇಲೆ.